ಆಪರೇಷನ್ ನಂತರದ ಗಂಟಲು ನೋವು: ತಪ್ಪು ಎಲ್ಲಿ ಆಗಿದೆ ಎಂದು ಹುಡುಕುವ ಬಗೆ

ಪೂರ್ಣ ಅರಿವಳಿಕೆಯಲ್ಲಿ ಶ್ವಾಸನಾಳಕ್ಕೆ ಟ್ಯೂಬ್ ಹಾಕಿಸಿಕೊಂಡ ಮೂವರಲ್ಲಿ ಒಬ್ಬರಿಗಾದರೂ ಎಚ್ಚರವಾದ ಮೇಲೆ ಗಂಟಲು ನೋಯುತ್ತದೆ. ಕೆಲವು ಅಧ್ಯಯನಗಳಲ್ಲಿ ಈ ಪ್ರಮಾಣ ನೂರಕ್ಕೆ 60ನ್ನೂ ಮುಟ್ಟಿದೆ. ಇಷ್ಟೊಂದು ಮಂದಿಗೆ ಆಗುವುದರಿಂದಲೇ "ಟ್ಯೂಬ್ ಹಾಕಿದ್ರಲ್ಲ, ಅದಕ್ಕೆ. ಎರಡು ದಿನಕ್ಕೆ ಹೋಗುತ್ತೆ" ಎಂಬ ಒಂದು ಮಾತಿಗೆ ವಿಷಯ ಮುಗಿದುಹೋಗುತ್ತದೆ. ಹಾಗೆ ಮುಗಿಸಬಾರದು. ಈ ನೋವಿಗೆ ಬಹುಪಾಲು ಹುಡುಕಿದರೆ ಸಿಗುವ ಕಾರಣವೇ ಇರುತ್ತದೆ, ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಕಾರಣವಾದ ಕಫ್ (ಟ್ಯೂಬಿನ ತುದಿಯ ಗಾಳಿಚೀಲ) ಒತ್ತಡವನ್ನು ಅಂಕಿಯಲ್ಲೇ ಅಳೆಯಬಹುದು. ಅಳೆಯುವ ಅಭ್ಯಾಸ ಇಲ್ಲದಿರುವುದೇ ಹೆಚ್ಚಿನ ಓಟಿಗಳ (ಆಪರೇಷನ್ ಥಿಯೇಟರುಗಳ) ತೊಂದರೆ.

ಮುಂಬೈ, ಪುಣೆ, ಗೋವಾದ ಆಸ್ಪತ್ರೆಗಳಲ್ಲಿ ದುಡಿಯುವ ಕನ್ನಡದ ಓಟಿ ಟೆಕ್ನಿಷಿಯನ್ನರು, ಸಿಸ್ಟರ್‌ಗಳು, ಅರಿವಳಿಕೆ ಕಲಿಯುತ್ತಿರುವ ಕಿರಿಯ ವೈದ್ಯರಿಗಾಗಿ ಇದನ್ನು ಬರೆದಿದೆ. ಇಲ್ಲಿ ಹೇಳಿರುವ ಔಷಧಗಳನ್ನು ಕೊಡುವ, ಬಿಡುವ ತೀರ್ಮಾನ ಅರಿವಳಿಕೆ ತಜ್ಞರದು.

ಮೊದಲು ರೋಗಿ ಏನು ಹೇಳುತ್ತಿದ್ದಾರೆ ಕೇಳಿ

ಫೈಲಿನಲ್ಲಿ "ಗಂಟಲು ನೋವು" ಎಂದಷ್ಟೇ ಬರೆದರೆ ಅದರಿಂದ ಏನೂ ತಿಳಿಯುವುದಿಲ್ಲ. ರಿಕವರಿಯಲ್ಲೇ ಮೂರು ಪ್ರಶ್ನೆ ಕೇಳಿ: ಸುಮ್ಮನಿದ್ದಾಗಲೂ ನೋವೇ, ನುಂಗುವಾಗ ಮಾತ್ರವೇ? ಎಲ್ಲಿ ನೋವು ಎಂದು ಕೈಯಿಟ್ಟು ತೋರಿಸುತ್ತೀರಾ? ದನಿ ಮೊದಲಿನಂತಿದೆಯೇ? ಮರಾಠಿಯವರು "ಘಸಾ ದುಖತೋಯ್" ಎಂದರೆ ನೋವು, "ಘಸಾ ಬಸಲಾಯ್" ಎಂದರೆ ದನಿ ಕೂತಿದೆ. ಎರಡನ್ನೂ ಒಂದೇ ದೂರಾಗಿ ಬರೆಯಬೇಡಿ. ವಿಜಯಪುರ, ಬಾಗಲಕೋಟೆ ಕಡೆಯಿಂದ ವಾಸ್ಕೋಗೆ ದುಡಿಯಲು ಬಂದವರು "ನುಂಗಾಕ ಆಗವಲ್ದ್ರಿ" ಎಂದರೆ, ಉಗುಳು ಇಳಿಯುತ್ತಿದೆಯೇ ಎಂದು ಮತ್ತೊಮ್ಮೆ ಕೇಳಿ. ಉಗುಳೂ ಇಳಿಯದಿದ್ದರೆ ಅದು ಬೇರೆಯೇ ವಿಷಯ, ಅದಕ್ಕೆ ಕೊನೆಯಲ್ಲಿ ಬರುತ್ತೇವೆ.

ಕತ್ತಿನ ಬುಡದಲ್ಲಿ, ಎರಡು ಕಾಲರ್ ಎಲುಬುಗಳ ನಡುವಿನ ಕುಳಿಯ ಹತ್ತಿರ ಕೈಯಿಟ್ಟು ತೋರಿಸಿ, ಜೊತೆಗೆ ಒಣಕೆಮ್ಮು ಇದ್ದರೆ ಮೊದಲ ಅನುಮಾನ ಕಫ್ ಒತ್ತಡದ ಮೇಲೆ. ನುಂಗುವಾಗ ಬಾಯ ಹಿಂಭಾಗದಲ್ಲಿ ನೋವು ಎಂದರೆ ಗಂಟಲು ತೆರೆದು ನೋಡುವ ಲ್ಯಾರಿಂಗೋಸ್ಕೋಪಿನ ಬ್ಲೇಡು, ಉಗುಳು ಎಳೆಯುವ ಸಕ್ಷನ್, ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬ್, ಗಂಟಲಿಗೆ ತುರುಕಿದ ಬಟ್ಟೆಯ ಪ್ಯಾಕ್ ಇವುಗಳಲ್ಲಿ ಹುಡುಕಬೇಕು. ದನಿ ಕೂತಿದ್ದರೆ ಟ್ಯೂಬಿನ ಅಳತೆ, ಅದರ ಆಳ, ಹಾಕುವಾಗ ಸ್ನಾಯು ಸಡಿಲವಾಗಿತ್ತೇ ಎಂಬುದನ್ನು ನೋಡಬೇಕು. ಬರೀ ಒಣಗಿದ ಹಾಗೆ, ಕೆರೆದ ಹಾಗೆ ಇದ್ದರೆ ಒಣ ಗ್ಯಾಸು ಅಥವಾ ಉಗುಳು ಒಣಗಿಸುವ ಗ್ಲೈಕೋಪೈರೋಲೇಟ್, ಅಟ್ರೋಪಿನ್ ಕಾರಣವಿರಬಹುದು. "ಏನೋ ಸಿಕ್ಕಿಕೊಂಡಿದೆ" ಎನ್ನುವವರ ಬಾಯಿ ತೆರೆಸಿ ಟಾರ್ಚ್ ಹಾಕಿ ಕಿರುನಾಲಿಗೆ ನೋಡಿ. ಸಕ್ಷನ್ ಪೈಪು ಎಳೆದೋ, ಏರ್‌ವೇ ಒತ್ತಿಯೋ ಅದು ಊದಿ ಬೆಳ್ಳಗಾಗಿರುವುದುಂಟು.

ಸಾಮಾನ್ಯ ನೋವು ಮೊದಲ ಕೆಲವು ಗಂಟೆಗಳಲ್ಲಿ ಜೋರಾಗಿದ್ದು 24ರಿಂದ 48 ಗಂಟೆಯಲ್ಲಿ ಇಳಿಯುತ್ತದೆ. ಇಳಿಯುವ ಬದಲು ಎರಡನೆಯ ದಿನ ಏರುತ್ತಿದ್ದರೆ ಅದನ್ನು ಸಾಮಾನ್ಯ ಎನ್ನುವಂತಿಲ್ಲ.

ಕಫ್: ಹೆಚ್ಚಿನ ದೋಷ ಇಲ್ಲೇ

ಈ ಗಾಳಿಚೀಲದ ಒತ್ತಡ 20ರಿಂದ 30 ಸೆಂ.ಮೀ. ನೀರಿನಷ್ಟು ಇರಬೇಕು. 20ಕ್ಕಿಂತ ಕೆಳಗಿಳಿದರೆ ಗಾಳಿ ಸೋರುತ್ತದೆ, ಗಂಟಲಲ್ಲಿ ನಿಂತ ಉಗುಳು, ಹೊಟ್ಟೆಯಿಂದ ಮೇಲೆ ಬಂದ ದ್ರವ ಶ್ವಾಸಕೋಶಕ್ಕೆ ಇಳಿಯಬಹುದು. 30 ದಾಟಿದರೆ ಶ್ವಾಸನಾಳದ ಒಳಪೊರೆಗೆ ರಕ್ತ ಹರಿಯುವುದು ಕಡಿಮೆಯಾಗತೊಡಗುತ್ತದೆ. 1984ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎಂಡೋಸ್ಕೋಪ್ ಬಿಟ್ಟು ಈ ಪೊರೆಯ ಫೋಟೊ ತೆಗೆದು ನೋಡಿದ್ದರು: 30ಕ್ಕೆ ಪೊರೆ ಬಿಳಿಚತೊಡಗಿತ್ತು, 50ಕ್ಕೆ ಶ್ವಾಸನಾಳದ ಉಂಗುರಗಳ ಮೇಲೆ ರಕ್ತದ ಹರಿವು ನಿಂತೇಹೋಗಿತ್ತು. ಎರಡು ಗಂಟೆಯ ಆಪರೇಷನ್‌ನಲ್ಲಿ 60, 70ರ ಒತ್ತಡ ಇದ್ದರೆ ಆ ಪೊರೆಯ ಗತಿ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ತಪ್ಪು ಶುರುವಾಗುವುದು 10 ಮಿ.ಲೀ. ಸಿರಿಂಜಿನಿಂದ. ಸಿರಿಂಜು ತುಂಬಿ ಕೊಟ್ಟರೆ ತುಂಬಿದಷ್ಟೂ ಒಳಗೆ ಹೋಗುತ್ತದೆ. ವಯಸ್ಕರಲ್ಲಿ ಸರಿಯಾದ ಅಳತೆಯ ಟ್ಯೂಬಿಗೆ ಸಾಮಾನ್ಯವಾಗಿ 3ರಿಂದ 5 ಮಿ.ಲೀ. ಸಾಕಾಗುತ್ತದೆ. ಆಮೇಲೆ ಪೈಲಟ್ ಬಲೂನನ್ನು (ಕಫ್‌ಗೆ ಕೂಡಿಕೊಂಡು ಬಾಯಿಂದ ಹೊರಗಿರುವ ಪುಟ್ಟ ಚೀಲ) ಹೆಬ್ಬೆರಳಲ್ಲಿ ಅದುಮಿ "ಸರಿ ಇದೆ" ಎನ್ನುವುದು ಎರಡನೆಯ ತಪ್ಪು. ಅನುಭವಿಗಳ ಬೆರಳೂ ಇಲ್ಲಿ ನಂಬಿಕೆಗೆ ಯೋಗ್ಯವಲ್ಲ. 30ಕ್ಕೂ 60ಕ್ಕೂ ಇರುವ ವ್ಯತ್ಯಾಸ ಬೆರಳಿಗೆ ತಿಳಿಯುವುದಿಲ್ಲ ಎಂದು ಅಳೆದು ನೋಡಿದವರೆಲ್ಲ ಕಂಡಿದ್ದಾರೆ.

ಕಫ್ ಮ್ಯಾನೋಮೀಟರ್ ಇದ್ದರೆ ಟ್ಯೂಬ್ ಕಟ್ಟಿದ ಕೂಡಲೇ ಹಾಕಿ ನೋಡಿ, 25ರ ಆಸುಪಾಸಿಗೆ ತಂದು ನಿಲ್ಲಿಸಿ. ಒಂದು ಸೂಕ್ಷ್ಮ ಮರೆಯಬೇಡಿ: ಮೀಟರನ್ನು ಸಿಕ್ಕಿಸಿದಾಗ ಅದರ ಪೈಪಿನೊಳಕ್ಕೆ ಕಫ್‌ನ ಗಾಳಿ ಸ್ವಲ್ಪ ಹೋಗುತ್ತದೆ, ಒತ್ತಡ ಇಳಿಯುತ್ತದೆ. ಆದ್ದರಿಂದ ಮೀಟರ್ ಸಿಕ್ಕಿದ್ದಾಗಲೇ ಗಾಳಿ ಸೇರಿಸಿ ಒತ್ತಡ ಹೊಂದಿಸಿ, ಆಮೇಲೆ ತೆಗೆಯಿರಿ. ಓದಿ ಹಾಗೇ ಕಿತ್ತುಬಿಟ್ಟರೆ ಕಫ್ ಸೋರತೊಡಗಬಹುದು.

ಮ್ಯಾನೋಮೀಟರ್ ಇಲ್ಲದ ಸಣ್ಣ ನರ್ಸಿಂಗ್ ಹೋಮುಗಳು ಠಾಣೆ, ಡೊಂಬಿವಲಿ, ಪಿಂಪ್ರಿಯಲ್ಲಿ ಬೇಕಾದಷ್ಟಿವೆ. ಅಲ್ಲಿಗೆ ಎರಡು ದಾರಿ. ಒಂದು, ಗಡಿಯಾರದ ಮುಖದ ಬಿ.ಪಿ. ಡಯಲ್. ತ್ರೀ-ವೇ (ಮೂರು ಬಾಯಿಯ ಜೋಡಣೆ) ಒಂದರಲ್ಲಿ ಒಂದು ಬದಿಗೆ ಪೈಲಟ್ ಬಲೂನು, ಒಂದಕ್ಕೆ ಸಿರಿಂಜು, ಇನ್ನೊಂದಕ್ಕೆ ಡಯಲಿನ ಪೈಪು ಜೋಡಿಸಿ. ಮುಳ್ಳು ಸೊನ್ನೆಯಲ್ಲಿ ನಿಂತಿದೆಯೇ ಮೊದಲು ನೋಡಿ. ಡಯಲು ಪಾದರಸದ ಲೆಕ್ಕದಲ್ಲಿ ಇರುತ್ತದೆ, 1 ಮಿ.ಮೀ. ಪಾದರಸ ಎಂದರೆ 1.36 ಸೆಂ.ಮೀ. ನೀರು. ಹಾಗಾಗಿ ಡಯಲಿನ 20ರ ಗೆರೆ ಎಂದರೆ 27 ಸೆಂ.ಮೀ. ನೀರು, ನಮಗೆ ಬೇಕಾದ ಜಾಗವೇ ಅದು. ಕಫ್ ಖಾಲಿ ಇರುವಾಗಲೇ ಜೋಡಿಸಿ, ಜೋಡಿಸಿಕೊಂಡೇ ಊದಿಸಿ. ಇಡೀ ಕೇಸು ಹಾಗೇ ಬಿಟ್ಟರೂ ಒಳ್ಳೆಯದು, ಮುಳ್ಳು ಏರುವುದು ಕಣ್ಣಿಗೆ ಕಾಣುತ್ತದೆ.

ಇನ್ನೊಂದು ದಾರಿ ಕಿವಿಯದು. ಸ್ಟೆತಸ್ಕೋಪನ್ನು ಕತ್ತಿನ ಕುಳಿಯ ಮೇಲಿಟ್ಟು, ಉಸಿರು ಕೊಡುವ ಬ್ಯಾಗನ್ನು 20 ಸೆಂ.ಮೀ. ಒತ್ತಡಕ್ಕೆ ಅದುಮಿ ಹಿಡಿದು, ಅರ್ಧ ಅರ್ಧ ಮಿ.ಲೀ. ಗಾಳಿ ಹಾಕುತ್ತ ಬನ್ನಿ. ಸೋರುವ ಸದ್ದು ನಿಂತ ಕಡೆ ನಿಲ್ಲಿಸಿ. ಅದಕ್ಕಿಂತ ಒಂದು ಮಿ.ಲೀ. "ಇರಲಿ" ಎಂದು ಹಾಕಬೇಡಿ. ಇದು ಅಳತೆಗೆ ಸಮವಲ್ಲ, ಆದರೆ ಬೆರಳಿಗಿಂತ ಎಷ್ಟೋ ಮೇಲು.

ಮೊದಲು ಸರಿಯಿದ್ದ ಕಫ್ ಒಂದು ಗಂಟೆಯ ನಂತರ ಸರಿಯಿಲ್ಲದಿರಬಹುದು. ನೀಲಿ ಸಿಲಿಂಡರಿನ ನೈಟ್ರಸ್ ಬಳಸುವ ಕಡೆ ಇದು ಖಂಡಿತ. ನೈಟ್ರಸ್ ಆಕ್ಸೈಡ್ ಕಫ್‌ನ ಗೋಡೆ ದಾಟಿ ಒಳಕ್ಕೆ ಬರುವ ವೇಗದಲ್ಲಿ ಒಳಗಿನ ನೈಟ್ರೋಜನ್ ಹೊರಗೆ ಹೋಗುವುದಿಲ್ಲ, ಚೀಲ ಊದುತ್ತಲೇ ಹೋಗುತ್ತದೆ. 25ಕ್ಕೆ ಇಟ್ಟದ್ದು ಯಾರೂ ಮುಟ್ಟದೆಯೇ ಎರಡರಷ್ಟಾಗಬಹುದು. ನೈಟ್ರಸ್ ಬಿಟ್ಟು ಆಕ್ಸಿಜನ್ ಮತ್ತು ಗಾಳಿ ಬಳಸುವುದು ಸುಲಭದ ಪರಿಹಾರ. ಅದಾಗದಿದ್ದರೆ ಪ್ರತಿ 30 ನಿಮಿಷಕ್ಕೆ ಅಳೆದು ಹೆಚ್ಚಾದ ಗಾಳಿ ತೆಗೆಯಿರಿ, ಇಲ್ಲವೇ ಕಫ್‌ಗೆ ಗಾಳಿಯ ಬದಲು ಸಲೈನ್ ತುಂಬಿ.

ಲ್ಯಾಪ್ರೋಸ್ಕೋಪಿಯಲ್ಲಿ ಹೊಟ್ಟೆಗೆ ಗ್ಯಾಸು ತುಂಬಿ ತಲೆ ಕೆಳಗೆ ಮಾಡಿದಾಗಲೂ, ಬೋರಲು ಮಲಗಿಸಿದಾಗಲೂ ಒತ್ತಡ ಬದಲಾಗುತ್ತದೆ. ಪೊಸಿಷನ್ ಕೊಟ್ಟ ಮೇಲೆ ಮತ್ತೆ ಅಳೆಯುವುದು ನಿಯಮವಾಗಲಿ. ಟ್ಯೂಬ್ ಹಾಕಿದ ರೋಗಿಯನ್ನು ಆಂಬುಲೆನ್ಸಿನಲ್ಲಿ ಗೋವಾದಿಂದ ಬೆಳಗಾವಿಗೋ ಮುಂಬೈಯಿಂದ ಪುಣೆಗೋ ಒಯ್ಯುವವರಿಗೂ ಒಂದು ಮಾತು: ಘಾಟಿ ಹತ್ತಿದಂತೆ ಹೊರಗಿನ ಗಾಳಿಯ ಒತ್ತಡ ಇಳಿಯುತ್ತದೆ, ಕಫ್ ಒಳಗಿನ ಗಾಳಿ ಹಿಗ್ಗುತ್ತದೆ. ಮೇಲೆ ತಲುಪಿದ ಮೇಲೆ ಒಮ್ಮೆ ನೋಡಿ, ಇಳಿದ ಮೇಲೆ ಸೋರಿಕೆ ಇದೆಯೇ ನೋಡಿ.

ಟ್ಯೂಬಿನ ಅಳತೆ, ಆಳ

ಹೆಂಗಸರಿಗೆ 8, ಗಂಡಸರಿಗೆ 8.5 (ಟ್ಯೂಬಿನ ಒಳವ್ಯಾಸ, ಮಿ.ಮೀ.ಗಳಲ್ಲಿ) ಎಂಬ ಹಳೆಯ ರೂಢಿಯನ್ನು ಬಿಡಬೇಕು. ಸಾಮಾನ್ಯ ಆಪರೇಷನ್‌ಗೆ ಹೆಂಗಸರಿಗೆ 7, ಗಂಡಸರಿಗೆ 7.5 ಸಾಕು; ಮೈಕಟ್ಟು ಸಣ್ಣದಿದ್ದರೆ ಅರ್ಧ ಮಿ.ಮೀ. ಕಡಿಮೆ. ಟ್ಯೂಬು ಸಣ್ಣದಾದಷ್ಟೂ ಧ್ವನಿಪೆಟ್ಟಿಗೆಯ ಹಿಂಭಾಗದ ಮೇಲೆ ಬೀಳುವ ಒತ್ತಡ ಕಡಿಮೆ, ನೋವೂ ದನಿ ಕೂರುವುದೂ ಕಡಿಮೆ. ಇದು ಬಹಳ ಹಿಂದೆಯೇ ಖಚಿತವಾದ ವಿಷಯ. ದನಿಯೇ ಅನ್ನವಾಗಿರುವವರು, ಅಂದರೆ ಯಕ್ಷಗಾನದ ಭಾಗವತರು, ಹಾಡುಗಾರರು, ಶಿಕ್ಷಕಿಯರು, ಕಾಲ್ ಸೆಂಟರಿನ ಮಕ್ಕಳು ಬಂದರೆ ಅರಿವಳಿಕೆಗೆ ಮುಂಚಿನ ತಪಾಸಣೆಯಲ್ಲೇ ಬರೆದಿಡಿ. ಅವರಿಗೆ 6 ಅಥವಾ 6.5ರ ಬಗ್ಗೆ, ಟ್ಯೂಬಿನ ಬದಲು ಧ್ವನಿಪೆಟ್ಟಿಗೆಯ ಮೇಲೆ ಕೂರುವ ಮಾಸ್ಕ್ ಆದ ಎಲ್‌ಎಂಎ ಸಾಧ್ಯವೇ, ಬೆನ್ನಿನ ಇಂಜೆಕ್ಷನ್‌ನಲ್ಲಿ ಮುಗಿಯುತ್ತದೆಯೇ ಎಂಬ ಬಗ್ಗೆ ಮೊದಲೇ ಯೋಚಿಸಬೇಕು. ಟೇಬಲ್ ಮೇಲೆ ಮಲಗಿಸಿದ ಮೇಲೆ ಅಲ್ಲ.

ಮುಂಭಾಗದ ಹಲ್ಲಿನ ಬಳಿ ಗುರುತು ಹೆಂಗಸರಲ್ಲಿ ಸುಮಾರು 21, ಗಂಡಸರಲ್ಲಿ 23 ಸೆಂ.ಮೀ. ಕಫ್‌ನ ಮೇಲಂಚು ಧ್ವನಿತಂತುಗಳಿಂದ 1.5ರಿಂದ 2 ಸೆಂ.ಮೀ. ಕೆಳಗಿರಬೇಕು. ತಂತುಗಳ ನಡುವೆಯೇ ಕಫ್ ಊದಿದರೆ ದನಿಯ ನರ ಕಫ್‌ಗೂ ಥೈರಾಯ್ಡ್ ಮೃದ್ವಸ್ಥಿಗೂ ನಡುವೆ ಸಿಕ್ಕಿ ಒತ್ತಿಹೋಗುತ್ತದೆ. ಥೈರಾಯ್ಡ್ ಆಪರೇಷನ್‌ಗೆ ಕತ್ತು ಹಿಂದಕ್ಕೆ ಬಾಗಿಸಿದಾಗ ಟ್ಯೂಬು ಮೇಲಕ್ಕೆ ಸರಿಯುತ್ತದೆ. ಬಾಗಿಸಿದ ನಂತರ ಆಳವನ್ನೂ ಕಫ್ ಒತ್ತಡವನ್ನೂ ಮತ್ತೆ ನೋಡದೆ ಬಿಡಬೇಡಿ. ಕಫ್ ಸೋರುತ್ತಿದೆ ಎಂದು ಮೇಲಿಂದ ಮೇಲೆ ಗಾಳಿ ಹಾಕಬೇಕಾಗಿ ಬಂದರೆ, ಕಫ್ ತಂತುಗಳ ಮಟ್ಟಕ್ಕೆ ಬಂದಿದೆಯೇ ಎಂದು ಮೊದಲು ಅನುಮಾನಿಸಿ.

ಹಾಕುವ ಗಳಿಗೆ

ಸ್ನಾಯು ಸಡಿಲವಾಗುವ ಮುನ್ನ ಬ್ಲೇಡು ಹಾಕುವ ಆತುರ ಗಂಟಲಿಗೆ ತುಂಬಾ ಕೆಟ್ಟದ್ದು. ಲಿಸ್ಟ್ ಉದ್ದವಿದೆ, ಸರ್ಜನ್ ಕೈತೊಳೆದು ನಿಂತಿದ್ದಾರೆ ಎಂದು ವೆಕುರೋನಿಯಂ ಕೊಟ್ಟ ಒಂದೂವರೆ ನಿಮಿಷಕ್ಕೇ ಬಾಯಿ ತೆರೆದರೆ ತಂತುಗಳು ಇನ್ನೂ ಅಲುಗುತ್ತಿರುತ್ತವೆ, ಕೆಮ್ಮುತ್ತಿರುವ ಗಂಟಲಿಗೆ ಟ್ಯೂಬ್ ತಳ್ಳಿದಂತಾಗುತ್ತದೆ. ವೆಕುರೋನಿಯಂ ಕಿಲೋಗೆ 0.1 ಮಿ.ಗ್ರಾಂ, ಅಟ್ರಾಕ್ಯೂರಿಯಂ 0.5 ಮಿ.ಗ್ರಾಂ ಕೊಟ್ಟರೆ ಪೂರಾ 3 ನಿಮಿಷ ಕಾಯಿರಿ, ರೋಕುರೋನಿಯಂ 0.6ಕ್ಕೆ 90 ಸೆಕೆಂಡು. ನರ ಪ್ರಚೋದಕ ಯಂತ್ರ ಇದ್ದರೆ ಅದನ್ನೇ ನಂಬಿ. ಸ್ನಾಯು ಸಡಿಲಿಸುವ ಔಷಧವಿಲ್ಲದೆ ಟ್ಯೂಬ್ ಹಾಕಿದವರಲ್ಲಿ ದನಿ ಕೂರುವುದೂ ತಂತುಗಳಿಗೆ ಗಾಯವಾಗುವುದೂ ಹೆಚ್ಚು.

ಟ್ಯೂಬನ್ನು ಬಾಗಿಸಿ ಹಿಡಿಯುವ ತಂತಿಯಾದ ಸ್ಟೈಲೆಟ್‌ನ ತುದಿ ಟ್ಯೂಬಿನ ಒಳಗೆ 1ರಿಂದ 2 ಸೆಂ.ಮೀ. ಹಿಂದೆ ನಿಂತಿರಲಿ, ಟ್ಯೂಬಿನ ತುದಿ ತಂತು ದಾಟಿದ ಕೂಡಲೇ ಹಿಂದಕ್ಕೆ ಎಳೆಯಿರಿ. ದಾರಿ ತೋರುವ ಉದ್ದ ಕಡ್ಡಿಯಾದ ಬೂಜಿಯ ಮೇಲೆ ಟ್ಯೂಬು ಇಳಿಯದೆ ತಡೆದರೆ ಬಲ ಹಾಕಬೇಡಿ. ತುದಿ ಧ್ವನಿಪೆಟ್ಟಿಗೆಯ ಹಿಂಭಾಗದ ಮೃದ್ವಸ್ಥಿಯಾದ ಬಲಬದಿಯ ಅರಿಟಿನಾಯ್ಡ್‌ಗೆ ಸಿಕ್ಕಿರುತ್ತದೆ. ಸ್ವಲ್ಪ ಹಿಂದೆ ಎಳೆದು, ಗಡಿಯಾರದ ವಿರುದ್ಧ ದಿಕ್ಕಿಗೆ 90 ಡಿಗ್ರಿ ತಿರುಗಿಸಿ ಇಳಿಸಿ. ವೀಡಿಯೊ ಲ್ಯಾರಿಂಗೋಸ್ಕೋಪಿನಿಂದ ಗಾಯ, ದನಿ ಕೂರುವುದು ಕಡಿಮೆಯಾಗುತ್ತದೆ, ಆದರೆ ಗಂಟಲು ನೋವೇ ಕಡಿಮೆಯಾಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಇನ್ನೊಂದು: ಎಲ್ಲರ ಕಣ್ಣು ಪರದೆಯ ಮೇಲಿದ್ದಾಗ ಟ್ಯೂಬು ಬಾಯೊಳಗೆ ಟಾನ್ಸಿಲ್ ಪಕ್ಕ ಚುಚ್ಚುವ ಅಪಾಯವಿದೆ. ಟ್ಯೂಬು ನಾಲಿಗೆ ದಾಟುವವರೆಗೆ ಬಾಯನ್ನೇ ನೋಡಿ, ಆಮೇಲೆ ಪರದೆ.

ಟ್ಯೂಬಿಗೆ ಲಿಗ್ನೋಕೇನ್ ಜೆಲ್ಲಿ ಹಚ್ಚುವುದು ಎಷ್ಟೋ ಓಟಿಗಳಲ್ಲಿ ಈಗಲೂ ನಡೆದಿದೆ. ಅದರಿಂದ ನೋವು ತಗ್ಗುವುದಿಲ್ಲ, ಕೆಲವರಲ್ಲಿ ಹೆಚ್ಚಾಗುತ್ತದೆ. 10% ಸ್ಪ್ರೇಯನ್ನು ಕಫ್ ಮೇಲೆ ಹೊಡೆಯುವುದೂ ಅಷ್ಟೇ, ಅದರಲ್ಲಿರುವ ಮದ್ಯಸಾರ ಮತ್ತು ಮೆಂತಾಲ್ ಪೊರೆಯನ್ನು ಕೆರಳಿಸುತ್ತವೆ. ಜಾರಬೇಕಾದರೆ ನೀರಿನಲ್ಲಿ ಕರಗುವ ಸಾದಾ ಜೆಲ್ಲಿ ಸಾಕು, ಅದೂ ತೆಳುವಾಗಿ.

ನಡುವೆ, ಕೊನೆಯಲ್ಲಿ

ಗಂಟಲಿಗೆ ಪ್ಯಾಕ್ ತುರುಕುವುದು ನೋವನ್ನು ಹೆಚ್ಚಿಸುತ್ತದೆ, ಮರೆತು ಒಳಗೇ ಬಿಟ್ಟರೆ ಜೀವವನ್ನೇ ತೆಗೆಯಬಹುದು. ವಾಡಿಕೆಯಂತೆ ಪ್ರತಿ ಕೇಸಿಗೂ ಹಾಕಬಾರದೆಂದು ಬ್ರಿಟನ್ನಿನ ತಜ್ಞರು 2018ರಲ್ಲೇ ಸೂಚಿಸಿದ್ದಾರೆ. ಹಾಕಲೇಬೇಕಾದರೆ ಒದ್ದೆ ಮಾಡಿ ಹಾಕಿ, ಬೋರ್ಡಿನಲ್ಲಿ ಬರೆದು, ತೆಗೆದಾಗ ಗಟ್ಟಿಯಾಗಿ ಹೇಳಿ. ರೈಲ್ಸ್ ಟ್ಯೂಬು ನಿಜವಾಗಿ ಬೇಕೇ ಎಂದು ಸರ್ಜನ್ನರನ್ನು ಕೇಳಿ. ಉಸಿರಿನ ದಾರಿಯಲ್ಲಿ ತೇವ ಉಳಿಸುವ ಎಚ್‌ಎಂಇ ಫಿಲ್ಟರ್ ಇರಲಿ, ಗ್ಯಾಸಿನ ಹರಿವು ಸುಮ್ಮನೆ 5, 6 ಲೀಟರಿನಲ್ಲಿ ಓಡುವುದು ಬೇಡ. ಹೊರಗೆ ಮುಂಬೈಯ ಜುಲೈ ಎಷ್ಟೇ ಒದ್ದೆಯಾಗಿರಲಿ, ಪೈಪಿನಿಂದ ಬರುವ ಗ್ಯಾಸು ಪೂರ್ತಿ ಒಣ. ಮಳೆಗಾಲದಲ್ಲಿ ನೆಗಡಿ, ಕೆಮ್ಮಿನೊಂದಿಗೇ ಬರುವವರು ಬಹಳ. ತುರ್ತಿಲ್ಲದ ಕೇಸಾದರೆ ಮುಂದೂಡುವ ಬಗ್ಗೆ ಮಾತಾಡಬೇಕು.

ಟ್ಯೂಬು ತೆಗೆಯುವಾಗ ಕುರುಡಾಗಿ ಸಕ್ಷನ್ ಮಾಡುವುದು ಬಾಯ ಹಿಂಭಾಗದ ನೋವಿಗೆ ದೊಡ್ಡ ಕಾರಣ. ಗಟ್ಟಿ ತುದಿಯ ಪೈಪನ್ನು ಗಂಟಲ ಹಿಂದಿನ ಗೋಡೆಗೆ ತಾಗಿಸಿ ಹಿಡಿದರೆ ಅದು ಪೊರೆಯನ್ನೇ ಎಳೆದುಕೊಳ್ಳುತ್ತದೆ. ರೋಗಿ ಇನ್ನೂ ಗಾಢ ಅರಿವಳಿಕೆಯಲ್ಲಿರುವಾಗಲೇ, ಬ್ಲೇಡಿನಲ್ಲಿ ನೋಡಿಕೊಂಡು, 12 ಅಥವಾ 14 ನಂಬರಿನ ಮೆತ್ತನೆ ಕ್ಯಾತಿಟರಿನಿಂದ, 80ರಿಂದ 120 ಮಿ.ಮೀ. ಪಾದರಸದ ಒತ್ತಡದಲ್ಲಿ ಉಗುಳು ತೆಗೆಯಿರಿ. ಗೋಡೆಯ ಮೀಟರ್ ತಿರುಗಿಸಿ ನೋಡದೆ ಪೂರ್ತಿ ತೆರೆದಿಡುವುದು ಬೇಡ. ಟ್ಯೂಬಿನ ಮೇಲೆ ಕೆಮ್ಮುತ್ತ ಒದ್ದಾಡುವ ಪ್ರತಿ ನಿಮಿಷವೂ ಗಂಟಲಿಗೆ ಪೆಟ್ಟು. ತೆಗೆಯುವ ಒಂದೆರಡು ನಿಮಿಷ ಮುಂಚೆ ಕಿಲೋಗೆ 1ರಿಂದ 1.5 ಮಿ.ಗ್ರಾಂ ಲಿಗ್ನೋಕೇನ್ ರಕ್ತನಾಳಕ್ಕೆ ಕೊಟ್ಟರೆ ಕೆಮ್ಮು ತಗ್ಗುತ್ತದೆ. ಕಫ್‌ನ ಗಾಳಿಯನ್ನು ಸಿರಿಂಜು ಮತ್ತೆ ಏನೂ ಎಳೆಯದಷ್ಟು ಪೂರ್ತಿ ತೆಗೆದ ನಂತರವೇ ಟ್ಯೂಬು ಎಳೆಯಿರಿ.

ಔಷಧದಿಂದ ತಡೆಯುವುದು

ಮೇಲಿನದ್ದೆಲ್ಲ ಸರಿಯಿಲ್ಲದೆ ಔಷಧ ಕೊಟ್ಟು ಪ್ರಯೋಜನವಿಲ್ಲ. ಸರಿಯಿದ್ದ ಮೇಲೆ, ಡೆಕ್ಸಾಮೆಥಾಸೋನ್ 8 ಮಿ.ಗ್ರಾಂ ಒಳ್ಳೆಯ ಆಯ್ಕೆ, ವಾಂತಿಯನ್ನೂ ತಡೆಯುತ್ತದೆ. ನಿದ್ದೆ ಬಂದ ಮೇಲೆ ಕೊಡಿ. ಎಚ್ಚರವಿದ್ದಾಗ ಬೇಗ ತಳ್ಳಿದರೆ ತೊಡೆಸಂದಿಯಲ್ಲಿ ತಡೆಯಲಾರದ ತುರಿಕೆ, ಉರಿ ಬರುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ಏರುತ್ತದೆ, ಅಳೆಯುತ್ತಿರಬೇಕು. ಬೆಂಜಿಡಮೀನ್ 0.15% ಮುಕ್ಕಳಿಸುವುದಕ್ಕೂ ಸ್ಪ್ರೇಗೂ ಒಳ್ಳೆಯ ಆಧಾರವಿದೆ. ಕೀಟಮೀನ್ 40 ಮಿ.ಗ್ರಾಂ ಅನ್ನು 30 ಮಿ.ಲೀ. ಸಲೈನಿನಲ್ಲಿ ಬೆರೆಸಿ, ಅರಿವಳಿಕೆಗೆ 5 ನಿಮಿಷ ಮುಂಚೆ 30 ಸೆಕೆಂಡು ಗಂಟಲಲ್ಲಿ ಗಳಗಳಿಸಿ ಉಗಿಸುವುದೂ ಕೆಲಸ ಮಾಡುತ್ತದೆ. ನುಂಗಬಾರದು ಎಂದು ರೋಗಿಗೆ ಅವರ ಭಾಷೆಯಲ್ಲೇ ಹೇಳಬೇಕು.

ಜ್ಯೇಷ್ಠಮಧು ನಮ್ಮ ಅಜ್ಜಿಯರಿಗೂ ಗೊತ್ತಿದ್ದ ಗಂಟಲ ಮದ್ದು, ಮರಾಠಿ ಮನೆಗಳಲ್ಲೂ ಇದೆ. ಅದರ 0.5 ಗ್ರಾಂ ಸಾರವನ್ನು 30 ಮಿ.ಲೀ. ನೀರಿನಲ್ಲಿ ಬೆರೆಸಿ ಅರಿವಳಿಕೆಗೆ ಮುಂಚೆ ಮುಕ್ಕಳಿಸಿದರೆ ನೋವು ಕಡಿಮೆಯಾಗುತ್ತದೆ ಎಂದು ಭಾರತದಲ್ಲೂ ಯುರೋಪಿನಲ್ಲೂ ನಡೆದ ಪರೀಕ್ಷೆಗಳು ತೋರಿಸಿವೆ. ಇದು ಓಟಿಯಲ್ಲಿ, ತಜ್ಞರ ಎದುರು ಮಾಡಿಸುವ ಕೆಲಸ. ಉಪವಾಸ ಇರಬೇಕಾದ ಹೊತ್ತಿಗೆ ಮನೆಯವರು ಕಷಾಯ ಕುಡಿಸಿ ಕರೆತಂದರೆ ಆಪರೇಷನ್ನೇ ನಿಲ್ಲಬೇಕಾಗುತ್ತದೆ.

ಎರಡು ಗಂಟೆ ಮೀರುವ ಕೇಸುಗಳಲ್ಲಿ ಕಫ್ ಒಳಗೆ ಗಾಳಿಯ ಬದಲು 2% ಲಿಗ್ನೋಕೇನ್ 2 ಮಿ.ಲೀ. ಹಾಕಿ, ಸೋರಿಕೆ ನಿಲ್ಲುವವರೆಗೆ ಸೋಡಾ ಬೈಕಾರ್ಬೊನೇಟ್ ಸೇರಿಸುವ ವಿಧಾನವೂ ಇದೆ. ಕ್ಷಾರದ ಜೊತೆ ಸೇರಿದ ಲಿಗ್ನೋಕೇನ್ ಕಫ್‌ನ ಗೋಡೆ ದಾಟಿ ನಿಧಾನವಾಗಿ ಪೊರೆಯನ್ನು ಮರಗಟ್ಟಿಸುತ್ತದೆ. ನಿಧಾನ ಎನ್ನುವುದರಿಂದಲೇ ಅರ್ಧ ಗಂಟೆಯ ಕೇಸಿಗೆ ಇದು ದಂಡ.

ಎಲ್‌ಎಂಎ ಹಾಕಿದವರಲ್ಲಿ ನೋವು ಬಂದರೆ ಅದರ ಕಫ್ ನೋಡಿ. ಮಿತಿ 60 ಸೆಂ.ಮೀ. ನೀರು. 4ನೇ ನಂಬರಿನ ಮೇಲೆ 30 ಮಿ.ಲೀ. ಎಂದು ಬರೆದಿರುವುದು ದಾಟಬಾರದ ಗಡಿ. ತುಂಬಲೇಬೇಕಾದ ಪ್ರಮಾಣವಲ್ಲ, ಸಾಧಾರಣವಾಗಿ ಅದರ ಅರ್ಧ ಸಾಕು.

ವಾರ್ಡಿನಲ್ಲಿ

ಕುಡಿಯಲು ಅನುಮತಿ ಸಿಕ್ಕ ಮೇಲೆ ಗುಟುಕು ಗುಟುಕಾಗಿ ನೀರು, ಮಂಜುಗಡ್ಡೆಯ ಚೂರು, ಪ್ಯಾರಾಸಿಟಮಾಲ್ 1 ಗ್ರಾಂ 6 ಗಂಟೆಗೊಮ್ಮೆ (50 ಕಿಲೋಗಿಂತ ಹೆಚ್ಚಿನ ತೂಕದ, ಯಕೃತ್ತು ಸರಿಯಿರುವ ವಯಸ್ಕರಿಗೆ), ಬೆಂಜಿಡಮೀನ್ ಅಥವಾ ಉಪ್ಪುನೀರು ಮುಕ್ಕಳಿಸುವುದು. ವಾರ್ಡಿನ ಮಾವಶಿಯರಿಗೂ (ಆಯಾಗಳಿಗೂ) ಹೇಳಿಡಿ: ಸುಡುವ ಚಹಾ ಬೇಡ. ದನಿ ಕೂತವರು ಪಿಸುಗುಟ್ಟಬಾರದು, ಅದರಿಂದ ತಂತುಗಳಿಗೆ ಇನ್ನೂ ಶ್ರಮ. ಮಾತು ಕಡಿಮೆ ಮಾಡಿ, ಆಡುವಾಗ ಮೆಲ್ಲಗೆ ಸಹಜ ದನಿಯಲ್ಲೇ ಆಡಲಿ.

ಈ ಲಕ್ಷಣಗಳಿದ್ದರೆ ಕಾಯಬೇಡಿ, ಅರಿವಳಿಕೆ ತಜ್ಞರನ್ನು ಕೂಡಲೇ ಕರೆಯಿರಿ: ಉಸಿರೆಳೆಯುವಾಗ ಗೊರಗೊರ ಅಥವಾ ಸಿಳ್ಳೆಯಂಥ ಸದ್ದು, ಉಗುಳೂ ನುಂಗಲಾಗದೆ ಜೊಲ್ಲು ಸುರಿಯುವುದು, ಕತ್ತು ಊದಿ, ಚರ್ಮ ಒತ್ತಿದರೆ ಚರಚರ ಎನ್ನುವುದು, ಎದೆನೋವು, ಜ್ವರದೊಂದಿಗೆ ಗಂಟಲು ನೋವು ಏರುವುದು, ಕೆಮ್ಮಿದಾಗ ರಕ್ತ. ಮೊದಲನೆಯದು ಧ್ವನಿಪೆಟ್ಟಿಗೆ ಊದಿಕೊಂಡಿರುವ ಗುರುತು, ಆಕ್ಸಿಜನ್ ಹಾಕಿ, ಅಡ್ರಿನಾಲಿನ್ ನೆಬ್ಯುಲೈಸರ್ ಸಿದ್ಧವಿಡಿ. ಕತ್ತಿನ ಊತ, ಚರಚರ ಸದ್ದು ಗಂಟಲು, ಅನ್ನನಾಳ ಅಥವಾ ಶ್ವಾಸನಾಳ ತೂತಾಗಿರುವುದನ್ನು ಹೇಳುತ್ತವೆ, ಅಂಥವರ ಬಾಯಿಗೆ ನೀರೂ ಹಾಕಬೇಡಿ. ಥೈರಾಯ್ಡ್ ಆಪರೇಷನ್ ಆದವರಲ್ಲಿ ಕತ್ತು ಊದಿದರೆ ರಕ್ತ ತುಂಬಿಕೊಂಡಿರಬಹುದು, ಸರ್ಜನ್ನರನ್ನೂ ಜೊತೆಗೇ ಕರೆಯಿರಿ. ಅವರ ದನಿ ಕೂತರೆ ಟ್ಯೂಬಿನ ಮೇಲೆ ಹಾಕಿ ಸುಮ್ಮನಾಗಬೇಡಿ, ನರಕ್ಕೆ ಪೆಟ್ಟಾಗಿದೆಯೇ ನೋಡಲೇಬೇಕು.

ದನಿ ಮೊದಲ ದಿನದಿಂದಲೇ ಉಸಿರು ಬೆರೆತಂತೆ ತೆಳ್ಳಗಿದ್ದು, ನುಂಗುವಾಗ ಒಂದೇ ಕಡೆ ಚುಚ್ಚಿದರೆ ಅರಿಟಿನಾಯ್ಡ್ ಕೀಲು ತಪ್ಪಿರಬಹುದು. ಬೇಗ ಕಂಡುಹಿಡಿದರೆ ಕೂರಿಸುವುದು ಸುಲಭ, ಆದ್ದರಿಂದ ಎರಡು ವಾರ ಕಾಯಿಸದೆ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ. ಉಳಿದವರಲ್ಲೂ ಎರಡು ವಾರದ ನಂತರ ದನಿ ಸರಿಯಾಗದಿದ್ದರೆ, ಅಥವಾ ಸರಿಹೋದ ದನಿ ಕೆಲವು ವಾರಗಳ ನಂತರ ಮತ್ತೆ ಒಡೆದರೆ, ಸ್ಕೋಪ್ ಹಾಕಿಸಬೇಕು. ತಂತುವಿನ ಹಿಂಭಾಗದಲ್ಲಿ ಟ್ಯೂಬ್ ಉಜ್ಜಿದ ಕಡೆ ಗ್ರಾನ್ಯುಲೋಮಾ ಎಂಬ ಮಾಂಸದ ಗಂಟು ಬೆಳೆದಿರುವುದುಂಟು. ರತ್ನಾಗಿರಿಯಿಂದಲೋ ಕಾರವಾರದಿಂದಲೋ ಬಂದು ಆಪರೇಷನ್ ಮಾಡಿಸಿಕೊಂಡು ಊರಿಗೆ ಮರಳುವವರಿಗೆ ಇದನ್ನು ಡಿಸ್ಚಾರ್ಜ್ ಕಾರ್ಡಿನಲ್ಲೇ ಬರೆದುಕೊಡಿ. ಅದೇ ಕಾರ್ಡಿನಲ್ಲಿ ಟ್ಯೂಬಿನ ನಂಬರು, ಹಲ್ಲಿನ ಬಳಿಯ ಗುರುತು, ಎಷ್ಟು ಸಲ ಪ್ರಯತ್ನಿಸಬೇಕಾಯಿತು, ಕಫ್ ಒತ್ತಡ ಎಷ್ಟಿತ್ತು ಎಂಬ ನಾಲ್ಕು ವಿವರ ಇರಲಿ. ಊರಿನಲ್ಲಿ ಅವರ ಗಂಟಲು ನೋಡುವ ವೈದ್ಯರು ಹುಡುಕಾಟ ಶುರುಮಾಡುವುದು ಅಲ್ಲಿಂದಲೇ.